ಮೆಡೋ ದೊರೆಯ ಜಮೀನು

ತಿರುಮಕೂಡಲು ನರಸೀಪುರದಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಜನ ಇದ್ದರು. ಆದರೆ ಇಂಗ್ಲಿಷ್ ಬಲ್ಲವರೆಂದು ಹೆಸರಾಗಿದ್ದವರು ಪತ್ರಬರಹಗಾರ ಗಂಗಾಧರಸ್ವಾಮಿಯವರೊಬ್ಬರೇ.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಸೈಕಲ್ ಅಂಗಡಿಯೊಂದರ ಜಗಲಿಯ ಮೇಲೆ ಅವರ ಮೇಜು. ಮೇಜಿನ ಮೇಲೆ ಎರಡು ಟೈಪ್‌ರೈಟರ್. ಕನ್ನಡದ್ದಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿರಲಿಲ್ಲ. ಇಂಗ್ಲಿಷಿನದು ವರ್ಷಕ್ಕೆ ಹತ್ತೋ ಹನ್ನೆರಡೋ ಸಲ ಸದ್ದು ಮಾಡುತ್ತಿತ್ತು. ಉಳಿದ ದಿನಗಳಲ್ಲಿ ಅದರ ಮೇಲೆ ಅವರ ಹೆಂಡತಿ ಸರ್ವಮಂಗಳಾ ಕಸೂತಿ ಹಾಕಿ ಹೊಲಿದುಕೊಟ್ಟ ಮುಸುಕು ಇರುತ್ತಿತ್ತು. ಮುಸುಕು ಹಾಕಿದ ಯಂತ್ರಕ್ಕೇ ಜನ ಹೆಚ್ಚು ಮರ್ಯಾದೆ ಕೊಡುತ್ತಿದ್ದರು.

ಪ್ರಾಯದಲ್ಲಿ ಅವರು ಮೈಸೂರಿನಲ್ಲಿ ಇಂಗ್ಲಿಷ್ ಟೈಪಿಂಗಿನ ಸೀನಿಯರ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದರು. ನಿಮಿಷಕ್ಕೆ ನಲವತ್ತೈದು ಪದ ಹೊಡೆಯುತ್ತಿದ್ದರು. ಆ ನಲವತ್ತೈದರಲ್ಲಿ ಹದಿನೈದರ ಅರ್ಥ ಖಚಿತವಾಗಿ ಗೊತ್ತಿತ್ತು, ಇನ್ನು ಹದಿನೈದರದು ಅಂದಾಜಿಗೆ ಸಿಕ್ಕುತ್ತಿತ್ತು, ಉಳಿದದ್ದು ಬೆರಳುಗಳ ಜವಾಬ್ದಾರಿ. ಕೆಟ್ಟ ಮನುಷ್ಯರಲ್ಲ. ವಿಧವಾ ವೇತನದ ಅರ್ಜಿ ಬರೆಸಲು ಬಂದ ಮುದುಕಿಯರನ್ನು ಬೆಂಚಿನ ಮೇಲೆ ಕೂರಿಸಿ, ಟೀ ತರಿಸಿಕೊಟ್ಟು ಬರೆದುಕೊಡುತ್ತಿದ್ದರು. ಆದರೆ ಮೂವತ್ತು ವರ್ಷದಲ್ಲಿ ಒಂದು ದಿನವೂ ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಹೊರಟದ್ದನ್ನು ನರಸೀಪುರ ಕೇಳಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆಯಲ್ಲಿ ಗೋವಿಂದಯ್ಯ, ಪಾಪಮ್ಮ ಎಂಬ ಗಂಡ ಹೆಂಡತಿ ಅವರ ಮೇಜಿನ ಮುಂದೆ ಬಂದು ನಿಂತರು. ಊರು ಮಾಕನಹುಂಡಿ. ಹೆಮ್ಮಿಗೆಯಿಂದ ಮುಡುಕುತೊರೆಯ ಕಡೆ ಹೋಗುವಾಗ ಹೊಳೆಯ ಮಗ್ಗುಲಿಗೆ ಸಿಗುವ ಅರವತ್ತು ಮನೆಯ ಊರು. ಊರಿಗೂ ಹೊಳೆಗೂ ನಡುವೆ ಇಪ್ಪತ್ತೆರಡು ಎಕರೆ ಬರೀ ಹುಲ್ಲು. ಹೊಳೆಬಯಲು ಎಂದು ಅದರ ಹೆಸರು. ಅದನ್ನು ಯಾರೂ ಉತ್ತಿರಲಿಲ್ಲ, ಯಾರೂ ತನ್ನದೆಂದಿರಲಿಲ್ಲ. ಹೊಲ ಇಲ್ಲದ ಮನೆಗಳು ಒಂದು ಹಸು, ಒಂದು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದದ್ದು ಆ ಹುಲ್ಲಿನ ಮೇಲೆ. ಪಾಪಮ್ಮ ಮದುವೆಯಾಗಿ ಬಂದ ಮೂರನೆಯ ದಿನ ಕುಡುಗೋಲು ಹಿಡಿದು ಅಲ್ಲಿಗೆ ಇಳಿದವಳು, ಆ ಮೇಲೆ ತಪ್ಪಿಸಿದ್ದು ಹೆರಿಗೆಯ ದಿನಗಳನ್ನು ಮಾತ್ರ.

“ಸಾ, ನಮ್ಮ ಒಳೆಬಯಲ್ನ ಯಾವುದೋ ಕಂಪ್ನಿಗೆ ಕೊಡ್ತಾರಂತೆ,” ಎಂದ ಗೋವಿಂದಯ್ಯ. “ತಕರಾರಿದ್ರೆ ಮೂವತ್ ದಿವ್ಸದೊಳ್ಗೆ ಏಳಿ ಅಂತ ನೋಟೀಸ್ ಅಂಟ್ಸವ್ರೆ. ತಾಸೀಲ್ದಾರ್ ಸಾಯೇಬ್ರು ಒಳ್ಳೇರು. ದನಕ್ಕೆ ಬಿಟ್ಟ ಜಾಗ ಅಂತ ಒಂದು ಅಳೇ ದಾಖ್ಲೆ ತನ್ನಿ, ಗೋಮಾಳ ಅಂತ ಬರ್ದು ಉಳಿಸ್ತೀನಿ ಅಂದ್ರು. ಅದ್ಕೇ ಮೈಸೂರ್ಗೋಗಿ ಈ ನಕ್ಸೆ ತೆಗ್ಸಿದೀವಿ. ಇದ್ರಲ್ಲಿ ಇಂಗ್ಲೀಸಲ್ಲಿ ಏನೋ ಬರ್ದದೆ. ಅದ್ನ ಕನ್ನಡ ಮಾಡಿ ಅರ್ಜಿ ಜೊತ್ಗೆ ಆಕ್ಕೊಡ್ಬೇಕು ನೀವು.”

ಗಂಗಾಧರಸ್ವಾಮಿಯವರು ಕನ್ನಡಕ ಒರೆಸಿ ನಕ್ಷೆ ಬಿಡಿಸಿದರು. ಬಿಳಿಯರ ಕಮಿಷನರು ಮೈಸೂರು ಆಳುತ್ತಿದ್ದ ಕಾಲದ್ದು. ಹೊಳೆಯ ಗೆರೆಯ ಪಕ್ಕದಲ್ಲಿ, ಓರೆಯಾದ ಚೆಂದದ ಬರಹದಲ್ಲಿ ಒಂದೇ ಸಾಲು: ಓಲ್ಡ್ ಮೆಡೋ, ನಾಟ್ ಟು ಬಿ ಬ್ರೋಕನ್ ಅಪ್.

ಓಲ್ಡ್ ಗೊತ್ತಿತ್ತು. ನಾಟ್ ಗೊತ್ತಿತ್ತು. ಮೆಡೋ ಮಾತ್ರ ಅವರ ಹದಿನೈದರಲ್ಲಿ ಇರಲಿಲ್ಲ, ಇನ್ನೊಂದು ಹದಿನೈದರಲ್ಲೂ ಇರಲಿಲ್ಲ. ಮನೆಯಲ್ಲಿ ಒಂದು ಡಿಕ್ಷನರಿ ಇತ್ತು. ಆದರೆ ‘ನಾಳೆ ಬನ್ನಿ’ ಎಂದರೆ ಹುಂಡಿಯವರು ಏನೆಂದುಕೊಳ್ಳುತ್ತಾರೆ? ಅಷ್ಟರಲ್ಲಿ ಟೈಪಿಂಗ್ ಕಲಿಯುವಾಗ ಕೇಳಿದ್ದ ನಿಯಮವೊಂದು ನೆನಪಿಗೆ ಬಂತು. ಸಾಲಿನ ನಡುವೆ ದೊಡ್ಡ ಅಕ್ಷರದಿಂದ ಶುರುವಾದದ್ದು ಹೆಸರು. ಈ ಮೆಡೋ ದೊಡ್ಡ ಎಂ ಅಕ್ಷರದಿಂದ ಶುರುವಾಗಿತ್ತು. ಆಮೇಲೆ ಎಲ್ಲವೂ ತಾನಾಗಿ ಬಿಡಿಸಿಕೊಂಡಿತು. ಬ್ರೋಕನ್ ಎಂದರೆ ಒಡೆದದ್ದು. ಜಮೀನನ್ನು ಒಡೆಯುವುದೆಂದರೆ ವಿಭಾಗ. ಮೂವತ್ತು ವರ್ಷ ಅಣ್ಣತಮ್ಮಂದಿರ ವಿಭಾಗಪತ್ರಗಳನ್ನು ಬರೆದವರಿಗೆ ಇದಕ್ಕೆ ಡಿಕ್ಷನರಿ ಯಾಕೆ?

“ಇದು ಮೆಡೋ ಅನ್ನೋ ದೊರೆ ಜಮೀನು ಕಣಪ್ಪ,” ಎಂದರು. “ಓಲ್ಡ್ ಮೆಡೋ ಅಂತಿದೆ. ಹಿರೇ ಮೆಡೋ. ಅಂದ್ರೆ ಕಿರೇ ಮೆಡೋನೂ ಒಬ್ಬ ಇದ್ದ ಅಂತ ಆಯ್ತು. ಇದನ್ನ ವಿಭಾಗ ಮಾಡತಕ್ಕದ್ದಲ್ಲ ಅಂತ ಕಟ್ಟು ಮಾಡಿದಾರೆ.”

“ದನಕ್ಕೆ ಬಿಟ್ಟದೆ ಅಂತ ಇಲ್ವಾ ಸಾ?”

“ಅದೇ ಇದು. ಭಾಗ ಮಾಡಬಾರ್ದು ಅಂದ್ರೆ ಇಡೀ ಊರಿಗೆ ಬಿಟ್ಟ ಹಾಗೆ ತಾನೆ? ದೊರೆ ದಾನ. ಗೋಮಾಳಕ್ಕಿಂತ ಗಟ್ಟಿ.”

ಪಾಪಮ್ಮ ಸ್ವಲ್ಪ ಹಿಂದೆ ನಿಂತಿದ್ದಳು. “ನಮ್ಮತ್ತೆ ಯಾವ ದೊರೆ ಸುದ್ದೀನೂ ಏಳಿರ್ನಿಲ್ವಲ್ಲ ಸಾ,” ಎಂದಳು.

“ನಿಮ್ಮತ್ತೆಗೆ ಇಂಗ್ಲಿಷ್ ಬರ್ತಿತ್ತೇನವ್ವ?”

“ಇಲ್ಲ ಸಾ.”

ಅಲ್ಲಿಗೆ ಆ ವಿಷಯ ತೀರ್ಮಾನವಾಯಿತು. ಕಸೂತಿಯ ಮುಸುಕು ತೆಗೆದು, ಮೂಲ ಸಾಲನ್ನು ಇಂಗ್ಲಿಷಿನಲ್ಲಿ ಹೊಡೆದು, ಕೆಳಗೆ ಕನ್ನಡದಲ್ಲಿ ‘ಶ್ರೀಮಾನ್ ಹಿರಿಯ ಮೆಡೋ ದೊರೆಯವರಿಗೆ ಸೇರಿದ ಜಮೀನು, ವಿಭಾಗ ಮಾಡತಕ್ಕದ್ದಲ್ಲ’ ಎಂದು ಬರೆದು, ‘ಮೂಲಕ್ಕೆ ಸರಿಯಾಗಿದೆ’ ಎಂದು ಸೀಲು ಒತ್ತಿದರು.

ಮಾಕನಹುಂಡಿಯಲ್ಲಿ ಮೊದಲ ಒಂದು ವಾರ ದೊರೆಯ ನೆನಪು ಯಾರಿಗೂ ಇರಲಿಲ್ಲ. ಎರಡನೆಯ ವಾರದಲ್ಲಿ ಊರಿನ ಹಿರಿಯ ಕರಿಯಪ್ಪನಿಗೆ ಬಂತು. ಎಂಬತ್ತು ದಾಟಿದ್ದ ಕರಿಯಪ್ಪನಿಗೆ ಹಿಂದಿನ ದಿನ ಉಂಡದ್ದು ಮರೆತುಹೋಗುತ್ತಿತ್ತು, ಆದರೆ ತಾತನ ಕಾಲದ್ದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು.

“ನಮ್ಮ ತಾತ ಏಳೋನು ಕಣ್ರಲಾ,” ಎಂದ ಅರಳಿಕಟ್ಟೆಯ ಮೇಲೆ. “ಕೆಂಪ್ ಮೊಕ, ಬಿಳೀ ಕುದ್ರೆ. ಒಳೆಬಯಲ್ಗೆ ಬಂದ್ರೆ ಕುದ್ರೆ ಇಳ್ದು ಉಲ್ಲಿನ್ ಮೇಲೆ ಬರಿಗಾಲಲ್ಲಿ ನಡೆಯೋನಂತೆ. ಮ್ಯಾಡಪ್ಪ ದೊರೆ ಅಂತಿದ್ರು.”

ಇದನ್ನು ಕೇಳಿ ಪುಟ್ಟಮಾದಮ್ಮನಿಗೆ ತಡೆಯಲಾಗಲಿಲ್ಲ. ಆಕೆಯೂ ಕರಿಯಪ್ಪನ ಓರಗೆಯವಳೇ. “ಕುದ್ರೆ ಬಿಳೀದಲ್ಲ, ಕಂದು,” ಎಂದಳು. “ದೊರೆಸಾನಿ ನಮ್ಮಜ್ಜಿ ತಾವ ಮಜ್ಜಿಗೆ ಇಸ್ಕಂಡ್ ಕುಡೀತಿದ್ಲು. ನಮ್ಮಜ್ಜಿಗಿಂತ ಚೆನ್ನಾಗಿ ನೋಡಿದ್ನಾ ಇವರ ತಾತ?”

ಊರು ಬಿಳಿ ಕುದುರೆಯವರು, ಕಂದು ಕುದುರೆಯವರು ಎಂದು ಎರಡಾಯಿತು. ದೊರೆ ಇದ್ದನೇ ಎಂಬ ಪ್ರಶ್ನೆಗೆ ಆ ಮೇಲೆ ಜಾಗವೇ ಉಳಿಯಲಿಲ್ಲ. ಹೊಳೆಬಯಲಿನ ಅಂಚಿನಲ್ಲಿದ್ದ ಚಪ್ಪಡಿ ಕಲ್ಲು ದೊರೆಯ ಸಮಾಧಿಯೆಂದು ಗೊತ್ತಾಯಿತು. ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಬೇರೆ ಕಲ್ಲು ನೋಡಿಕೊಂಡರು. ಸೋಮವಾರ ಸೋಮವಾರ ಎಡೆ ಇಡತೊಡಗಿದರು. ಬಿಳಿಯರಿಗೆ ಮುದ್ದೆ ಸೇರುತ್ತದೋ ಇಲ್ಲವೋ ಎಂದು ಅನುಮಾನ ಬಂದು, ಎಲ್ಲ ಯೋಚಿಸಿ ಬಿಸ್ಕತ್ತು ಇಟ್ಟರು.

ತೆಂಗಿನಕಾಯಿಯ ವಿಚಾರ ಮಾತ್ರ ನರಸೀಪುರದವರೆಗೆ ಬಂತು. ದಾಖಲೆಯ ‘ವಿಭಾಗ ಮಾಡತಕ್ಕದ್ದಲ್ಲ’ ಎಂದರೆ ಒಡೆಯಬಾರದು ಎಂದು ತಾನೆ, ಅದು ಕಾಯಿಗೂ ಅನ್ವಯಿಸುತ್ತದೆಯೇ? ಗಂಗಾಧರಸ್ವಾಮಿಯವರು ಕಣ್ಣು ಮುಚ್ಚಿ ಆಲೋಚಿಸಿ, “ಸಾಹೇಬರು ಜಾಗ ನೋಡೋಕೆ ಬಂದು ಮಹಜರು ಮುಗಿಸೋವರೆಗೂ ಒಡೀಬೇಡಿ, ಸುಮ್ಮನೆ ಇಡಿ,” ಎಂದರು. ಈ ಎಚ್ಚರಿಕೆಯಿಂದ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು. ಹುಂಡಿಯವರು ದಾರಿಯಲ್ಲಿ ಸಿಕ್ಕರೆ ಟವಲು ಇಳಿಸಿ ನಿಲ್ಲುತ್ತಿದ್ದರು. “ನೂರಿಪ್ಪತ್ತು ವರ್ಷ ಮಣ್ಣಲ್ಲಿ ಹೂತುಹೋಗಿದ್ದ ದೊರೇನ ನಮ್ಮನೆಯವರು ಎತ್ತಿ ಕೂರಿಸಿದರು,” ಎಂದು ಸರ್ವಮಂಗಳಾ ನಂಜನಗೂಡಿನಲ್ಲಿದ್ದ ತಂಗಿಗೆ ಕಾಗದ ಬರೆದರು.

ಮಹಜರಿಗೆ ನಾಲ್ಕು ದಿನ ಇರುವಾಗ ಅದೇ ತಂಗಿಯ ಮನೆಯ ಗೃಹಪ್ರವೇಶ ಬಂತು. ಆಕೆಯ ಗಂಡ ನಂಜುಂಡೇಶ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಾತು ಕಡಮೆ. ಊಟದ ಪಂಕ್ತಿಯಲ್ಲಿ ಗಂಗಾಧರಸ್ವಾಮಿಯವರು ದೊರೆಯ ಕಥೆಯನ್ನು ಮೊದಲಿಂದ ಹೇಳಿದರು. ಬರಿಗಾಲಿನಲ್ಲಿ ನಡೆದದ್ದಕ್ಕೆ ಹೆಂಗಸರು ಲೊಚಗುಟ್ಟಿದರು. ಎರಡು ಸಾಲು ಆಚೆ ಕುಳಿತವರು ಕುದುರೆಯ ಬಣ್ಣ ಕೇಳಿದರು. ನಂಜುಂಡೇಶ್ ಮಾತ್ರ ಹೋಳಿಗೆಯನ್ನು ಅರ್ಧಕ್ಕೆ ನಿಲ್ಲಿಸಿ, ನಕ್ಷೆಯ ಸಾಲನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಊಟವಾದ ಮೇಲೆ, ಕೈ ತೊಳೆಯುವ ನೆಪದಲ್ಲಿ ಷಡ್ಡಕರನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

“ಸ್ವಾಮಣ್ಣ, ಬೇಜಾರು ಮಾಡ್ಕೋಬೇಡಿ. ಮೆಡೋ ಅಂದ್ರೆ ಮನುಷ್ಯ ಅಲ್ಲ.”

“ಮತ್ತೆ?”

“ಹುಲ್ಲಿನ ಬಯಲು. ಮೋ ಅಂತ ಒಂದು ಪದ ಇದೆ, ಹುಲ್ಲು ಕೊಯ್ಯೋದು ಅಂತ. ಮೆಡೋ ಅದೇ ಬೇರಿಂದ ಬಂದದ್ದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲೂ ಹೆಚ್ಚುಕಡಮೆ ಹೀಗೇ ಇತ್ತು. ದನ ಅಟ್ಟಿ ಮೇಯಿಸೋ ಜಾಗಕ್ಕೆ ಪ್ಯಾಶ್ಚರ್ ಅಂತ ಬೇರೆ ಪದ ಇದೆ. ಇದು ಕುಡುಗೋಲು ಹಾಕಿ ಕೊಯ್ಕೊಂಡು ಹೋಗಿ ದನಕ್ಕೆ ಹಾಕೋ ಹುಲ್ಲಿನ ಜಾಗ. ಬ್ರೋಕನ್ ಅಪ್ ಅಂದ್ರೆ ಇಲ್ಲಿ ವಿಭಾಗ ಅಲ್ಲ, ನೇಗಿಲು ಹೂಡಿ ಮಣ್ಣು ಮಗುಚೋದು. ಆ ಕಾಲದವರು ಮುಖ್ಯ ಅನ್ನಿಸಿದ ಪದಕ್ಕೆಲ್ಲ ದೊಡ್ಡಕ್ಷರ ಹಾಕೋರು. ಹಳೇ ಹುಲ್ಲುಗಾವಲು, ಉಳತಕ್ಕದ್ದಲ್ಲ. ಅಷ್ಟೇ ಅದರಲ್ಲಿರೋದು.”

ಗಂಗಾಧರಸ್ವಾಮಿಯವರು ತೊಳೆದ ಕೈಯನ್ನು ಮತ್ತೆ ತೊಳೆದರು. “ಹಾಗಾದ್ರೆ ಗೋಮಾಳ ಅನ್ನೋಕೆ...”

“ಇದಕ್ಕಿಂತ ಒಳ್ಳೇ ದಾಖಲೆ ಬೇಕಾ? ಹುಂಡಿಯವರ ಪುಣ್ಯ. ತರ್ಜುಮೆ ತಪ್ಪಾಗಿದೆ ಅಂತ ಒಂದು ಕಾಗದ ಕೊಟ್ಟುಬಿಡಿ, ಮುಗೀತು. ಯಾರಿಗೂ ತಪ್ಪಾಗುತ್ತೆ. ನಾನು ಒಳಗೆ ಯಾರ ಹತ್ರನೂ ಹೇಳೋದಿಲ್ಲ.”

ನಂಜುಂಡೇಶ್ ಹೇಳಲಿಲ್ಲ. ಗಂಗಾಧರಸ್ವಾಮಿಯವರು ಮಾರನೆಯ ದಿನ ಬೆಳಿಗ್ಗೆಯೇ ಮೇಜಿಗೆ ಹೋಗಿ, ಡಿಕ್ಷನರಿ ತೆರೆದು ನೋಡಿ, ಕಾಗದ ಹೊಡೆದರು. ‘ಮೆಡೋ ಎಂಬುದನ್ನು ಹುಲ್ಲುಗಾವಲು ಎಂದು ಓದಿಕೊಳ್ಳತಕ್ಕದ್ದು. ಈ ತಪ್ಪು ನನ್ನದು.’ ಕೊನೆಯ ಸಾಲನ್ನು ಒಮ್ಮೆ ತೆಗೆದು, ಮತ್ತೆ ಸೇರಿಸಿ, ಸಹಿ ಹಾಕಿ, ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡರು. ಮಹಜರಿನ ದಿನ ಸಾಹೇಬರ ಕೈಗೆ ಗುಟ್ಟಾಗಿ ಕೊಟ್ಟುಬಿಡುವುದೆಂದು ತೀರ್ಮಾನ.

ಗುಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಹೊಳೆಬಯಲಿನಲ್ಲಿ ಶಾಮಿಯಾನ ಎದ್ದಿತ್ತು. ಚಪ್ಪಡಿ ಕಲ್ಲಿಗೆ ಸುಣ್ಣ ಬಳಿದು, ‘ಶ್ರೀ ಮೆಡೋ ದೊರೆಯವರ ಸಮಾಧಿ’ ಎಂದು ನೀಲಿ ಅಕ್ಷರದಲ್ಲಿ ಬರೆದು, ಚೆಂಡುಹೂವಿನ ಹಾರ ಹಾಕಿದ್ದರು. ಸಾಹೇಬರಿಗೆ ಒಂದು ಕುರ್ಚಿ, ಅದರ ಪಕ್ಕದಲ್ಲಿ ಗಂಗಾಧರಸ್ವಾಮಿಯವರಿಗೆ ಅಷ್ಟೇ ಎತ್ತರದ ಇನ್ನೊಂದು ಕುರ್ಚಿ. ಸರ್ವಮಂಗಳಾ ರೇಷ್ಮೆ ಸೀರೆ ಉಟ್ಟು, ತಮ್ಮನ ಸಂಸಾರವನ್ನೂ ಕರೆದುಕೊಂಡು ಹೆಂಗಸರ ಸಾಲಿನಲ್ಲಿ ಕುಳಿತಿದ್ದರು. ಚೀಲ ತೊಡೆಯ ಮೇಲೆ ಇಟ್ಟುಕೊಂಡು ಗಂಗಾಧರಸ್ವಾಮಿಯವರು ಕುಳಿತರು. ಕರಿಯಪ್ಪ ಅವರಿಗೆ ಹಾರ ಹಾಕಿದ. ಹಾರ ಚೀಲದ ಮೇಲೆ ಇಳಿಬಿತ್ತು.

ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು, ಓದಿಕೊಂಡವರು. ಊರಿನ ಹೇಳಿಕೆಗಳನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮಜ್ಜಿಗೆಯ ಹೇಳಿಕೆಯಾಯಿತು, ಎರಡೂ ಕುದುರೆಗಳ ಹೇಳಿಕೆಯಾಯಿತು. ಆಮೇಲೆ ಕಡತ ತಿರುಗಿಸಿ, ಗಂಗಾಧರಸ್ವಾಮಿಯವರ ಕಡೆ ಬಾಗಿ ಕೇಳಿದರು.

“ಸ್ವಾಮಿಗಳೇ, ಮೆಡೋ ಅಂತ ಇಂಗ್ಲಿಷಲ್ಲಿ ಹುಲ್ಲಿನ ಜಾಗಕ್ಕೂ ಹೇಳ್ತಾರಲ್ಲ. ನೀವು ಹೆಸರು ಅಂತ ತರ್ಜುಮೆ ಮಾಡಿದೀರಿ. ಯಾವುದು ಅಂತ ಬರ್ಕೊಳ್ಲಿ?”

ಇಷ್ಟು ಸುಲಭದ ಬಾಗಿಲು ಯಾರಿಗೂ ಸಿಗುವುದಿಲ್ಲ. ಗಂಗಾಧರಸ್ವಾಮಿಯವರು ಚೀಲದ ಬಾಯಿಗೆ ಕೈ ಹಾಕಿದರು. ಕಾಗದದ ಮೂಲೆ ಬೆರಳಿಗೆ ತಾಕಿತು.

“ಅದ್ನೇನ್ ಕೇಳ್ತೀರಿ ಸಾ,” ಎಂದ ಕರಿಯಪ್ಪ. “ನಮ್ಮ ಸ್ವಾಮೇರ್ಗೆ ಗೊತ್ತಿಲ್ದಿರೋ ಇಂಗ್ಲೀಸಾ? ಅವ್ರು ಏಳ್ದಂಗೆ ಬರ್ಕಳಿ.”

ಅರವತ್ತು ಮನೆಯ ಜನ ಅವರ ಮುಖ ನೋಡುತ್ತಿದ್ದರು. ಸರ್ವಮಂಗಳಾ ಪಕ್ಕದಲ್ಲಿದ್ದ ನಾದಿನಿಯ ಮೊಣಕೈ ತಿವಿದು, ಕೇಳು ಎಂಬಂತೆ ಸನ್ನೆ ಮಾಡಿದರು. ಹೇಗೂ ದೊರೆ ದಾನ ಕೊಟ್ಟದ್ದೆಂದರೂ ಜಮೀನು ಊರಿಗೇ ಉಳಿಯುತ್ತದಲ್ಲ ಎಂದು ಗಂಗಾಧರಸ್ವಾಮಿಯವರು ಆ ಕ್ಷಣಕ್ಕೆ ತಮಗೆ ತಾವೇ ಹೇಳಿಕೊಂಡರು. ಅದನ್ನು ತಾವು ನಂಬಲಿಲ್ಲವೆಂಬುದು ಅವರಿಗೆ ಮುಂದೆ ಎಷ್ಟೋ ವರ್ಷ ಚೆನ್ನಾಗಿ ನೆನಪಿತ್ತು.

“ಹೆಸರೇ ಸಾರ್,” ಎಂದರು.

ಸಾಹೇಬರು ಒಂದು ಗಳಿಗೆ ಅವರನ್ನೇ ನೋಡಿ, ಬರೆದುಕೊಂಡರು. “ದಾನಪತ್ರ ಏನಾದ್ರೂ ಇದೆಯಾ?”

ಇರಲಿಲ್ಲ.

“ದೊರೆ ಕಡೆಯ ವಾರಸುದಾರರು?”

“ಯಾರೂ ಇಲ್ಲ ಸಾ,” ಎಂದ ಕರಿಯಪ್ಪ ಹೆಮ್ಮೆಯಿಂದ. “ನಾವೇ ಎಡೆ ಇಡ್ತೀವಿ.”

ಅರವತ್ತು ಮನೆಯವರೂ ಸಹಿ, ಹೆಬ್ಬೆಟ್ಟು ಹಾಕಿದರು. ಪಾಪಮ್ಮನೂ ಹಾಕಿದಳು.

ಎರಡು ತಿಂಗಳಿಗೆ ಆದೇಶ ಬಂತು. ಜಮೀನು ಮೆಡೋ ಎಂಬ ಖಾಸಗಿ ವ್ಯಕ್ತಿಗೆ ಸೇರಿತ್ತೆಂದು ಗ್ರಾಮಸ್ಥರೇ ಒಪ್ಪಿದ್ದಾರೆ. ದಾನಪತ್ರವಿಲ್ಲ, ವಾರಸುದಾರರಿಲ್ಲ. ದನಗಳಿಗೆ ಮೀಸಲಿಟ್ಟದ್ದೆನ್ನಲು ಯಾವ ದಾಖಲೆಯೂ ಇಲ್ಲ. ಆದ್ದರಿಂದ ಅದು ಸರ್ಕಾರದ್ದು, ಕಂಪನಿಯ ಕೋರಿಕೆಯನ್ನು ಪರಿಗಣಿಸಬಹುದು.

ಗಂಗಾಧರಸ್ವಾಮಿಯವರು ಅಂದೇ ಚೀಲ ಹಿಡಿದು ಸಾಹೇಬರ ಮುಂದೆ ನಿಂತರು. ಮಡಿಕೆಯಲ್ಲಿ ಹರಿಯುವಂತಾಗಿದ್ದ ಕಾಗದವನ್ನು ಸಾಹೇಬರು ಬಿಡಿಸಿ ಓದಿದರು. ತಾರೀಖನ್ನು ಎರಡು ಸಲ ನೋಡಿದರು.

“ಇದು ಮಹಜರಿಗೆ ಮೂರು ದಿನ ಮುಂಚೆ ಬರೆದದ್ದು.”

“ಹೌದು ಸಾರ್.”

“ಆವತ್ತು ನಾನು ಕೇಳಿದೆನಲ್ಲ, ಸ್ವಾಮಿಗಳೇ.”

ಮೇಲ್ಮನವಿ ಹಾಕಿ ನೋಡಿ ಎಂದರು ಸಾಹೇಬರು. ಗಂಗಾಧರಸ್ವಾಮಿಯವರೇ ಊರಿನ ಪರವಾಗಿ ಬರೆದರು, ಮೈಸೂರಿಗೆ ತಾವೇ ಆರೇಳು ಸಲ ಓಡಾಡಿದರು. ಏನು ಕೆಲಸವೆಂದು ಸರ್ವಮಂಗಳಾ ಕೇಳಿದರೆ ಕಣ್ಣಿನ ಡಾಕ್ಟರು ಎನ್ನುತ್ತಿದ್ದರು. ಮೇಲ್ಮನವಿಯಲ್ಲಿ ಎದುರಿನ ವಕೀಲರು ಎತ್ತಿದ್ದು ಒಂದೇ ಪ್ರಶ್ನೆ. ಮೊದಲು ಹೆಸರೆಂದು ಸೀಲು ಒತ್ತಿದವರೂ ಇವರೇ, ಈಗ ಹುಲ್ಲು ಎನ್ನುವವರೂ ಇವರೇ. ಇವರ ಯಾವ ಮಾತನ್ನು ನಂಬುವುದು? ಅರವತ್ತು ಜನ ದೊರೆಯನ್ನು ಬಲ್ಲೆವೆಂದಿದ್ದಾರೆ. ಮನವಿ ವಜಾ ಆಯಿತು.

ಎರಡು ಸಾವಿರದ ಒಂದರಲ್ಲಿ ಹೊಳೆಬಯಲಿನ ಸುತ್ತ ತಂತಿ ಬೇಲಿ ಬಂತು. ಒಳಗೆ ಪೇಟೆಯವರು ಬಂದು ತಂಗಲು ಹೆಂಚಿನ ಪುಟ್ಟ ಪುಟ್ಟ ಮನೆಗಳು ಎದ್ದವು. ಸುಣ್ಣ ಬಳಿದ ಚಪ್ಪಡಿ ಬುಲ್ಡೋಜರಿನ ಬಾಯಿಗೆ ಸಿಕ್ಕಿ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಕೊನೆಗೆ ಗೇಟಿನ ಮೇಲೆ ದೊಡ್ಡ ಬೋರ್ಡು ಏರಿತು. ಹಿಂದೆ ಮುಂದೆ ಬೇರೆ ಪದಗಳೂ ಇದ್ದವು, ಊರಿನವರು ಓದಿಸಿಕೊಂಡು ತಿಳಿದದ್ದು ನಡುವಿನ ಒಂದನ್ನೇ. ಮೆಡೋಸ್.

ಊರಿಗೆ ಊರೇ ಪುಳಕಗೊಂಡಿತು. ಮೆಡೋಸ್ ಎಂದರೆ ಮೆಡೋಗಳು. ಅಂದರೆ ದೊರೆಯ ಮೊಮ್ಮಕ್ಕಳು ಬಂದಿದ್ದಾರೆ. ಕರಿಯಪ್ಪ ಒಗೆದ ಪಂಚೆ ಉಟ್ಟು, ಎರಡು ಎಳನೀರು, ಒಂದು ನಿಂಬೆಹಣ್ಣು ಹಿಡಿದು ಗೇಟಿಗೆ ಹೋದ.

“ಯಾರು ಬೇಕು ಯಜಮಾನ್ರೇ?” ಎಂದ ಗೇಟಿನವನು.

“ಮೆಡೋ ಸಾಯೇಬ್ರು. ಅವರ ತಾತನ ಸಮಾಧಿ ನೋಡ್ಕಂಡಿದ್ದೋರು ಬಂದವ್ರೆ ಅನ್ನಿ.”

“ಆ ಹೆಸರಿನೋರು ಇಲ್ಲಿಲ್ಲ.”

“ಇಷ್ಟ್ ದೊಡ್ಡ್ದಾಗಿ ಬರ್ಸಾಕವ್ರೆ, ಇಲ್ಲ ಅಂತೀಯಲ್ಲಪ್ಪ.”

ಮೂರು ದಿನ ಬೆಳಿಗ್ಗೆ ಹೋಗಿ ಹೊತ್ತು ನೆತ್ತಿಗೆ ಬರುವವರೆಗೆ ಕಾದ. ಮೂರನೆಯ ದಿನ ಎಳನೀರನ್ನು ಗೇಟಿನವನೇ ಕೊಚ್ಚಿ ಒಂದನ್ನು ಅವನಿಗೇ ಕುಡಿಸಿ ಕಳಿಸಿದ.

ಈ ಸುದ್ದಿ ನರಸೀಪುರಕ್ಕೆ ಬಂದದ್ದು ನಗುವ ಸುದ್ದಿಯಾಗಿ. ಸೈಕಲ್ ಅಂಗಡಿಯವನು ಹೇಳಿ ಹೇಳಿ ನಕ್ಕ. ಗಂಗಾಧರಸ್ವಾಮಿಯವರು ಟೈಪು ಮಾಡುತ್ತಿದ್ದ ಹಾಳೆಯನ್ನು ಅರ್ಧಕ್ಕೆ ಬಿಟ್ಟು ಎದ್ದು, ಹೆಮ್ಮಿಗೆಯ ಬಸ್ಸು ಹತ್ತಿದರು.

ಅರಳಿಕಟ್ಟೆಯಲ್ಲಿ ಜನ ಸೇರಿದರು. ಗಂಗಾಧರಸ್ವಾಮಿಯವರು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ದೊರೆ ಇರಲಿಲ್ಲ ಎಂದರು. ಆ ಪದಕ್ಕೆ ಅರ್ಥ ಗೊತ್ತಿಲ್ಲದೆ ನಾನು ಅದನ್ನು ಹೆಸರೆಂದು ಬರೆದೆ ಎಂದರು. ಗೊತ್ತಾದ ಮೇಲೂ ಮಹಜರಿನಲ್ಲಿ ಬಾಯಿ ಬಿಡಲಿಲ್ಲ, ನಿಮ್ಮ ಬಯಲು ಹೋದದ್ದು ನನ್ನಿಂದ ಎಂದರು.

ಕರಿಯಪ್ಪ ತಲೆ ಅಲ್ಲಾಡಿಸಿದ.

“ಅಂಗಾರೆ ನಮ್ಮ ತಾತ ಸುಳ್ಳೇಳಿದ್ನಾ?”

“ನಿಮ್ಮ ತಾತ ಬೇರೆ ಯಾರನ್ನೋ ನೋಡಿರಬೇಕು ಕರಿಯಪ್ಪ.”

“ನಮ್ಮಜ್ಜಿ ಮಜ್ಜಿಗೆ ಕೊಟ್ಟಿದ್ದು ಯಾರ್ಗೆ ಮತ್ತೆ?” ಎಂದಳು ಪುಟ್ಟಮಾದಮ್ಮ. “ಉಲ್ಗಾ?”

ನಾಲ್ಕು ವರ್ಷ ಒಂದು ಕುದುರೆಯ ಮೇಲೆ ಜಗಳವಾಡಿದ್ದ ಇಬ್ಬರೂ ಅಂದು ಒಂದೇ ಮಾತಿಗೆ ನಿಂತರು. ದೊರೆ ಇದ್ದ. ಸ್ವಾಮಿಗಳು ಕೋರ್ಟು ಕಚೇರಿ ಸುತ್ತಿ ದಣಿದಿದ್ದಾರೆ, ಅದಕ್ಕೇ ಹೀಗೆ ಆಡುತ್ತಿದ್ದಾರೆ. ಯಾರೋ ಮಜ್ಜಿಗೆ ತಂದುಕೊಟ್ಟರು. ಇನ್ಯಾರೋ, ನಿಮ್ಮ ಕೈಲಾದ್ದು ಮಾಡಿದ್ರಿ, ಮನಸ್ಸಿಗೆ ಹಚ್ಕೋಬೇಡಿ ಎಂದರು. ಬಯ್ಯಿಸಿಕೊಳ್ಳಲೆಂದು ಹತ್ತು ಮೈಲಿ ಬಂದವರನ್ನು ಊರು ಸಮಾಧಾನ ಮಾಡತೊಡಗಿತು.

ಗೋವಿಂದಯ್ಯ ಒಬ್ಬ ಅಂಚಿನಲ್ಲಿ ಕುಳಿತಿದ್ದ. ಜನ ಸ್ವಲ್ಪ ಸರಿದ ಮೇಲೆ ಕೇಳಿದ.

“ಆ ಕಾಗ್ದ ಆವತ್ತು ನಿಮ್ ಚೀಲ್ದಲ್ಲೇ ಇತ್ತಾ ಸಾ?”

“ಇತ್ತು ಗೋವಿಂದಯ್ಯ.”

ಗೋವಿಂದಯ್ಯ ಟವಲಿನಿಂದ ಮುಖ ಒರೆಸಿಕೊಂಡು ಎದ್ದ. ಅವನ ಕೊಟ್ಟಿಗೆಯಲ್ಲಿ ಮೂರು ದನವಿದ್ದ ಕಡೆ ಈಗ ಒಂದೇ ಹಸು ಇತ್ತು; ಉಳಿದೆರಡನ್ನು ಮೇವಿಲ್ಲದೆ ಸಂತೆಗೆ ಹೊಡೆದುಕೊಂಡು ಹೋಗಿದ್ದ. ಊರಿನ ಅರ್ಧ ಕೊಟ್ಟಿಗೆಗಳು ಹಾಗೇ ಬರಿದಾಗಿದ್ದವು. ಅವನು ಹೋಗುವುದನ್ನು ನೋಡುತ್ತಾ ಗಂಗಾಧರಸ್ವಾಮಿಯವರು ಕೈಯಲ್ಲಿದ್ದ ಮಜ್ಜಿಗೆಯನ್ನು ಕುಡಿಯಲಾರದೆ ಕೆಳಗಿಟ್ಟರು.

ಬಸ್ಸು ನಿಲ್ಲುವ ಜಾಗಕ್ಕೆ ನಾಲೆ ಏರಿಯ ಮೇಲೆ ನಡೆದು ಹೋಗಬೇಕು. ಏರಿಯ ಇಳಿಜಾರಿನಲ್ಲಿ ಪಾಪಮ್ಮ ಹುಲ್ಲು ಕೊಯ್ಯುತ್ತಿದ್ದಳು. ಹೊಳೆಬಯಲಿನ ಹುಲ್ಲಲ್ಲ, ಮುಳ್ಳಿನ ನಡುವೆ ಅಲ್ಲೊಂದು ಇಲ್ಲೊಂದು ಹಿಡಿ. ಕಟ್ಟೆಯಲ್ಲಿ ನಡೆದದ್ದು ಅವಳಿಗೆ ಆಗಲೇ ತಿಳಿದಿತ್ತು. ಇವರನ್ನು ಕಂಡು ಸೊಂಟ ನೆಟ್ಟಗೆ ಮಾಡಿ ನಿಂತಳು.

“ಸಾ, ಆ ಮಾತ್ಗೆ ಇಂಗ್ಲೀಸಲ್ಲಿ ಏನ್ ಅರ್ತ ಅಂದ್ರಿ?”

“ಹುಲ್ಲು ಕೊಯ್ಯೋ ಜಾಗ ಅಂತ ಕಣವ್ವ.”

“ಅಷ್ಟೇಯಾ?”

“ಅಷ್ಟೇ.”

ಪಾಪಮ್ಮ ಕೊಯ್ದದ್ದನ್ನು ಒಟ್ಟು ಮಾಡಿ ಹಗ್ಗ ಬಿಗಿದಳು. “ನನ್ ಕೇಳಿದ್ರೆ ನಾನೇ ಏಳ್ತಿದ್ನಲ್ಲ ಸಾ,” ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಗಂಗಾಧರಸ್ವಾಮಿಯವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸಿಂಬೆಯನ್ನು ತಲೆಯ ಮೇಲೆ ಇಟ್ಟುಕೊಂಡು, ಸುತ್ತ ನೋಡಿ, ಬೇರೆ ಯಾರೂ ಕಾಣದೆ, “ಒಸಿ ಕೈ ಕೊಡಿ,” ಎಂದಳು. ಇಬ್ಬರೂ ಸೇರಿ ಹೊರೆ ಎತ್ತಿದರು. ಹೊರೆ ಚಿಕ್ಕದು, ಒಂದು ಹಸುವಿಗೂ ಒಂದು ಹೊತ್ತಿಗೆ ಸಾಲದು. ಅವಳು ಕತ್ತು ಸರಿಮಾಡಿಕೊಂಡು ಬೇಲಿಯ ಪಕ್ಕದ ಸುತ್ತು ದಾರಿಯಲ್ಲಿ ಊರ ಕಡೆ ನಡೆದಳು.

ಗಂಗಾಧರಸ್ವಾಮಿಯವರು ಏರಿಯ ಮೇಲೆ ನಿಂತೇ ಇದ್ದರು. ನರಸೀಪುರದ ಬಸ್ಸು ದೂರದಲ್ಲಿ ದೂಳೆಬ್ಬಿಸಿಕೊಂಡು ಬಂತು, ಇವರನ್ನು ಕಂಡು ನಿಧಾನ ಮಾಡಿತು. ಅವರು ಕೈ ಎತ್ತಲಿಲ್ಲ. ಬಸ್ಸು ಹೋಯಿತು.